ಬೀರುವಿನೊಳಗಿನ ಗಾಳಿ

ಬಣ್ಣ ಹೊಡೆದು ಮುಗಿಸಿದ ಮೇಲೆ ಬಣ್ಣದಣ್ಣ ಮೊದಲು ಬೀರುವನ್ನು ನೋಡುವುದಿಲ್ಲ, ಅದರ ಸುತ್ತಮುತ್ತ ನೋಡುತ್ತಾನೆ. ಕಂಪ್ರೆಸರ್ ಆರಿಸಿ, ಮೂಗಿಗೆ ಕಟ್ಟಿದ ಬಟ್ಟೆ ಕೆಳಗಿಳಿಸಿ, ಶೆಡ್ಡಿನ ಗೋಡೆ, ಗಡಿಯಾರದ ಗಾಜು, ಮೂಲೆಯ ಸ್ಟೂಲು, ಕಿಟಕಿಯ ಸರಳು ಎಲ್ಲದರ ಮೇಲೂ ಬೆರಳಾಡಿಸಿ, ಬೆರಳ ತುದಿಯನ್ನು ಬೆಳಕಿಗೆ ಹಿಡಿಯುತ್ತಾನೆ.

"ಬೀರು ಮೇಲೆ ಕೂತ ಬಣ್ಣ ನನ್ನ ಮಾತು ಕೇಳಿದ್ದು. ಕೇಳದೇ ಇದ್ದದ್ದು ಎಲ್ಲಿಗೆ ಹೋಯ್ತು ಅಂತ ನೋಡ್ಬೇಕಲ್ಲ," ಎನ್ನುತ್ತಾನೆ.

ನಮ್ಮ ಮನೆಗೂ ಅವನ ಶೆಡ್ಡಿಗೂ ನಡುವೆ ಒಬ್ಬರು ಅಡ್ಡಡ್ಡ ನಡೆದರೆ ಹಿಡಿಸುವಷ್ಟು ಸಂದಿ. ನಾನು ಅಡುಗೆಮನೆಯ ಕಿಟಕಿ ತೆಗೆದರೆ ಅವನ ಮುಖ, ಅವನು ತೆಗೆದರೆ ನನ್ನ ಒಲೆ. ನನಗಿಂತ ಎರಡು ವರ್ಷ ಚಿಕ್ಕವನಾದರೂ ಬೀದಿಗೆಲ್ಲ ಅಣ್ಣನಾದ್ದರಿಂದ ನನಗೂ ಅಣ್ಣನೇ. ಅವನು ನನ್ನನ್ನು ಅಕ್ಕ ಎನ್ನುತ್ತಾನೆ. ಹೀಗಾಗಿ ಯಾರು ಯಾರಿಗೆ ದೊಡ್ಡವರು ಎಂಬ ತಕರಾರು ನಮ್ಮಲ್ಲಿ ಬಂದಿಲ್ಲ.

ಕಬ್ಬಿಣದ ಬೀರುಗಳಿಗೆ ಗನ್ನಿನಿಂದ ಬಣ್ಣ ಹೊಡೆಯುವುದು ಅವನ ಕಸುಬು. ಗಿರಾಕಿ ಕೇಳಿದರೆ ಬಾಗಿಲ ಮೇಲೆ ಚಿತ್ರವನ್ನೂ ಬರೆಯುತ್ತಾನೆ. ಒಂದು ಕೆರೆ, ಕೆರೆಯಲ್ಲಿ ಎರಡು ಹಂಸ, ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಸೂರ್ಯ. ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ಎಂದು ಯಾರಾದರೂ ಕೇಳಿದರೆ, "ಬೀರುನ ಯಾವ ಕಡೆ ಮುಖ ಮಾಡಿ ಇಡ್ತೀರೋ ಅದರ ಮೇಲಿದೆ," ಎಂದು ನಗದೆ ಉತ್ತರ ಕೊಡುತ್ತಾನೆ.

ಅವನಿಗೆ ಹದಿನೆಂಟಾದಾಗ ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡರು. ಐದು ವರ್ಷದ ತಂಗಿಯನ್ನು ಬಿಡಲು ಜಾಗವಿರಲಿಲ್ಲ. ಕೆಲಸಕ್ಕೆ ಸೇರಿದ ಶೆಡ್ಡಿಗೇ ಕರೆತಂದ. ಬಣ್ಣ ಅವಳಿಗೆ ತಾಗಬಾರದೆಂದು ಗನ್ನಿನಿಂದ ಎಷ್ಟು ದೂರ ಆಗುತ್ತದೋ ಅಷ್ಟು ದೂರ, ಶೆಡ್ಡಿನ ಕೊನೆಯ ಮೂಲೆಯಲ್ಲಿ ಹಾಸಿಗೆ ಹಾಸಿ ಕೂರಿಸುತ್ತಿದ್ದ. ಅವಳು ಅಲ್ಲೇ ಆಡುತ್ತಿದ್ದಳು, ಅಲ್ಲೇ ನಿದ್ದೆ ಮಾಡುತ್ತಿದ್ದಳು. ಮೂರು ವರ್ಷ ಕಳೆಯುವಷ್ಟರಲ್ಲಿ ಅವಳ ಎದೆಯಲ್ಲಿ ಸಿಳ್ಳೆ ಹಾಕಿದಂಥ ಸದ್ದು ಶುರುವಾಯಿತು. ವೈದ್ಯರು ಉಬ್ಬಸ ಎಂದರು.

ಒಂದು ದಿನ ಕೆಂಪು ಬೀರು ಮುಗಿಸಿ ಅವಳನ್ನು ಎಬ್ಬಿಸಲು ಹೋದಾಗ ಅವಳ ಬಿಳಿ ದಿಂಬು ಗುಲಾಬಿಯಾಗಿತ್ತಂತೆ. ಗನ್ನಿನ ಪಕ್ಕದಲ್ಲೇ ತೂಗುಹಾಕಿದ್ದ ಅವನ ಅಂಗಿ ಮಾತ್ರ ಹಾಗೆಯೇ ಬೆಳ್ಳಗಿತ್ತು. ಫ್ಯಾನಿನ ಗಾಳಿ ಬಣ್ಣವನ್ನು ಹೊತ್ತುಕೊಂಡು ಹೋಗಿ, ಕೊನೆಯ ಗೋಡೆಗೆ ಬಡಿದು, ಆ ಮೂಲೆಯಲ್ಲಿ ಇಳಿಸುತ್ತಿತ್ತು. ಇದನ್ನು ಅವನು ನನಗೆ ಹೇಳಿದ್ದು ಒಂದೇ ಸಲ, ಕಿಟಕಿಯಿಂದ ಕಿಟಕಿಗೆ. ಹೇಳಿ ಮುಗಿಸಿ, ತನ್ನ ಕಿಟಕಿಯನ್ನು ಮೆಲ್ಲಗೆ ಮುಚ್ಚಿಕೊಂಡ. ಅವನ ಬೆರಳಾಡಿಸುವ ಅಭ್ಯಾಸ ಶುರುವಾದದ್ದು ಆ ದಿಂಬಿನಿಂದ.

ತಂಗಿ ಬೆಳೆದು ನಾನಿರುವ ಹೊಲಿಗೆ ಹಾಲಿಗೇ ಸೇರಿದಳು. ಒಂದು ಗೋದಾಮಿನ ಮೇಲಿನ ಮಹಡಿ ಅದು. ರೈಲು ಡಬ್ಬಿಯಂತೆ ಉದ್ದನೆಯ ಕೋಣೆ, ಮೂವತ್ತೆರಡು ಮಷೀನು, ಎಂಟು ಗಾಜಿನ ಕಿಟಕಿ. ಬಾಗಿಲ ಬಳಿ ಆಳೆತ್ತರದ ಒಂದು ಸ್ಟ್ಯಾಂಡ್ ಫ್ಯಾನು. ಶಾಲೆಗಳ ಸಮವಸ್ತ್ರ ಹೊಲಿಯುತ್ತಿದ್ದೆವು. ಜ್ವರದ ವರ್ಷ ಬಂದಾಗ ಶಾಲೆಗಳು ಮುಚ್ಚಿದವು, ನಾವು ಆಸ್ಪತ್ರೆಗಳಿಗೆ ಮಾಸ್ಕು ಹೊಲಿಯತೊಡಗಿದೆವು. ಹಾಲಿನಂಥ ಬಿಳಿ ಬಟ್ಟೆ. ಒಂದು ಕಪ್ಪು ಚುಕ್ಕೆ ಕಂಡರೂ ಇಡೀ ಕಟ್ಟು ವಾಪಸ್ಸು. ಬೀದಿಯ ಧೂಳು ಬರಬಾರದೆಂದು ಕಿಟಕಿಗಳನ್ನು ತೆಗೆಯುವ ಮಾತೇ ಇರಲಿಲ್ಲ.

ನಮ್ಮ ಸೂಪರ್‌ವೈಸರ್‌ಗೆ ನಾವಿಟ್ಟ ಹೆಸರು ಬ್ಲೀಚಮ್ಮ. ಶುಚಿಯೆಂದರೆ ಅವರಿಗೆ ಪ್ರಾಣ. ಜ್ವರ ಬಂದ ಮೇಲಂತೂ ಗಂಟೆಗೊಮ್ಮೆ ಮೇಜು, ಕತ್ತರಿ, ಬಾಗಿಲ ಹಿಡಿ, ಮೆಟ್ಟಿಲ ಕಂಬಿ ಎಲ್ಲ ಒರೆಸುತ್ತಿದ್ದರು. ನಮ್ಮನ್ನೂ ಒರೆಸಿ ಒಣಗಲು ಹಾಕುತ್ತಿದ್ದರೇನೋ, ನಾವು ಓಡಾಡುತ್ತಿದ್ದುದರಿಂದ ಕೈಗೆ ಸಿಗಲಿಲ್ಲ.

ಮೊದಲು ಜ್ವರ ಬಂದದ್ದು ಗುಂಡಿಯಕ್ಕನಿಗೆ. ಸಮವಸ್ತ್ರದ ಕಾಲದಲ್ಲಿ ಗುಂಡಿ ಹಂಚುತ್ತಿದ್ದವಳು, ಈಗ ಎಲಾಸ್ಟಿಕ್ ಹಂಚುತ್ತಿದ್ದಳು. ಹೆಸರು ಮಾತ್ರ ಹಾಗೇ ಉಳಿದಿತ್ತು. ಅವಳ ಜಾಗ ಬಾಗಿಲ ಬಳಿ, ಫ್ಯಾನಿನ ಮುಂದೆ. ಪಕ್ಕದ ಮಷೀನು ನನ್ನದು. ಅವಳಾದ ನಾಲ್ಕೈದು ದಿನಕ್ಕೆ ಹಾಲಿನ ಆ ಕೊನೆಯಲ್ಲಿ ಕೂರುವ ನಾಲ್ವರಿಗೆ, ಕೊನೆಯ ಗೋಡೆಗೆ ಮೇಜು ಹಾಕಿಕೊಂಡಿದ್ದ ಬ್ಲೀಚಮ್ಮನಿಗೆ, ಅವರ ಪಕ್ಕ ಇಸ್ತ್ರಿ ಮಾಡುವ ಚಿಕ್ಕಮ್ಮನಿಗೆ ಜ್ವರ. ಆಮೇಲೆ ಮಧ್ಯದ ಸಾಲಿನ ಇಬ್ಬರಿಗೆ. ಒಟ್ಟು ಒಂಬತ್ತು ಜನ. ನನಗೆ ಏನೂ ಆಗಲಿಲ್ಲ.

ಎಲ್ಲರ ಬೆರಳೂ ಗುಂಡಿಯಕ್ಕನ ಕಡೆಗೆ ತಿರುಗಿತು. ಮೂವತ್ತೆರಡು ಮಷೀನಿಗೂ ಕೈಯಿಂದ ಕೈಗೆ ಎಲಾಸ್ಟಿಕ್ ಕೊಟ್ಟವಳು ಅವಳೇ ತಾನೆ? ಉಳಿದ ಎಲಾಸ್ಟಿಕ್ಕನ್ನೆಲ್ಲ ಬ್ಲೀಚಿನಲ್ಲಿ ಮುಳುಗಿಸಿದರು. ಅದು ಬಿಗಿ ಕಳೆದುಕೊಂಡು ಸತ್ತ ಎರೆಹುಳದಂತೆ ಜೋತುಬಿತ್ತು. ಅದನ್ನು ಹಾಕಿ ಹೊಲಿದ ಮಾಸ್ಕುಗಳು ಗದ್ದಕ್ಕೆ ಜಾರಿದವು. ಇಸ್ತ್ರಿ ಚಿಕ್ಕಮ್ಮ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಹಾಲನ್ನು ಹತ್ತು ದಿನ ಮುಚ್ಚಿದರು.

ತಂಗಿ ಆ ವಾರವೆಲ್ಲ ಉಬ್ಬಸವೆಂದು ರಜೆಯಲ್ಲಿದ್ದಳು. ದೇವರು ಒಂದು ಕೈಯಲ್ಲಿ ಕೊಟ್ಟ ಕಷ್ಟವನ್ನು ಇನ್ನೊಂದು ಕೈಯಲ್ಲಿ ಕೊಡೆಯಾಗಿ ಹಿಡಿಯುತ್ತಾನೆ ಎಂದುಕೊಂಡೆ. ಹಾಲು ಮುಚ್ಚಿದ ಎರಡನೆಯ ದಿನ ಬ್ಲೀಚಮ್ಮನ ಫೋನು ಬಂತು. ಅವರಿಗೆ ಜ್ವರ ಇಳಿದಿತ್ತು. ತಂಗಿ ಫೋನು ಇಟ್ಟು ಅಣ್ಣನಿಗೆ ಹೇಳಿದ್ದು ನನ್ನ ಕಿಟಕಿಗೂ ಕೇಳಿಸಿತು.

"ಮುಂದಿನ ಸೋಮವಾರ ಹಾಲು ತೆಗೀತಾರಂತೆ. ನನ್ನ ಎದೆ ಸರಿ ಇಲ್ಲ ಅಂತ ಅವರಿಗೆ ಎಷ್ಟು ಕಾಳಜಿ ನೋಡು. ನನ್ನ ಮಷೀನು ತೆಗೆದು ಕಟ್ಟಕಡೆ ಮೂಲೆಗೆ ಹಾಕ್ಸಿದ್ದಾರಂತೆ, ಇಸ್ತ್ರಿ ಚಿಕ್ಕಮ್ಮನ ಜಾಗದಲ್ಲಿ. ಅಲ್ಲಿಗೆ ಯಾರೂ ಹತ್ರ ಬರಲ್ಲ, ನೀನು ಕ್ಷೇಮವಾಗಿರ್ತೀಯ ಅಂದ್ರು."

ಬಣ್ಣದಣ್ಣ ಕೇಳಿದ, "ಫ್ಯಾನು ಎಲ್ಲಿದೆ?"

"ಯಾವ ಫ್ಯಾನು?"

"ನಿಮ್ಮ ಹಾಲಿಂದು. ಯಾವ ಕಡೆ ಮುಖ ಮಾಡಿದೆ?"

ಅವಳು ಹೇಳಿದಳು. ಅವನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾಲಿನ ನಕ್ಷೆ ಗೀಚಿದ. ಉದ್ದ ಎಷ್ಟು ಹೆಜ್ಜೆ, ಸಾಲುಗಳ ನಡುವೆ ಎಷ್ಟು, ಯಾರು ಎಲ್ಲಿ, ಯಾರಿಗೆ ಯಾವ ದಿನ ಜ್ವರ. ತಂಗಿಗೆ ಗೊತ್ತಿಲ್ಲದ್ದನ್ನು ಕಿಟಕಿಯಿಂದ ನನ್ನನ್ನು ಕೇಳಿದ. ಜ್ವರ ಬಂದವರ ಜಾಗಕ್ಕೆಲ್ಲ ಒಂದೊಂದು ಸೊನ್ನೆ ಹಾಕಿದ. ಒಂಬತ್ತು ಸೊನ್ನೆಗಳಲ್ಲಿ ಆರು ಕೊನೆಯ ಗೋಡೆಗೆ ಅಂಟಿಕೊಂಡಿದ್ದವು, ಒಂದು ಬಾಗಿಲ ಬಳಿ. ಮಿಕ್ಕ ಎರಡು ಮಧ್ಯದಲ್ಲಿ.

ಮರುದಿನ ಅವನು ಗನ್ನಿನ ಕೆಲಸ ಮಾಡಲಿಲ್ಲ. ಒಂದು ಉದ್ದನೆಯ ರಟ್ಟಿನ ಪೆಟ್ಟಿಗೆ ತಂದು, ತಳಕ್ಕೆ ಬಿಳಿ ಹಾಳೆ ಅಂಟಿಸಿ, ಮಷೀನುಗಳ ಜಾಗದಲ್ಲಿ ಮೂವತ್ತೆರಡು ಬೆಂಕಿಪೊಟ್ಟಣ ಇಟ್ಟು, ಬಾಗಿಲ ಕಡೆ ಅಂಗೈಯಷ್ಟು ದೊಡ್ಡ ಫ್ಯಾನು ಕೂರಿಸಿ, ಮೇಲೆ ಗಾಜು ಮುಚ್ಚಿದ. ಗುಂಡಿಯಕ್ಕನ ಜಾಗದಲ್ಲಿ ತೂತು ಮಾಡಿ, ಗನ್ನಿನ ಮೂತಿಯನ್ನು ತೀರಾ ಸಣ್ಣಗೆ ತಿರುಗಿಸಿ, ನೀರುನೀರಾದ ನೀಲಿಯನ್ನು ಉಸಿರು ಬಿಟ್ಟಷ್ಟೇ ಬಿಟ್ಟ. ಬಿಟ್ಟು ನಿಲ್ಲಿಸಿ, ಮತ್ತೆ ಬಿಟ್ಟು ನಿಲ್ಲಿಸಿ, ಅರ್ಧ ಗಂಟೆ.

"ಅಕ್ಕಾ, ಬಾ ಇಲ್ಲಿ," ಎಂದು ಕೂಗಿದ.

ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಗಾಜು ತೆಗೆದು ಬೆಂಕಿಪೊಟ್ಟಣಗಳನ್ನು ಎತ್ತಿಟ್ಟಿದ್ದ. ತೂತಿನ ಪಕ್ಕದಲ್ಲಿ, ಅಂದರೆ ನನ್ನ ಜಾಗದಲ್ಲಿ, ಹಾಳೆ ಹೆಚ್ಚುಕಡಿಮೆ ಬೆಳ್ಳಗೇ ಇತ್ತು. ಮಧ್ಯದಲ್ಲಿ ತೆಳ್ಳಗೆ ನೀಲಿ ಹಬ್ಬಿತ್ತು. ಕೊನೆಯ ಗೋಡೆಯ ಬಳಿ, ಎರಡು ಮೂಲೆಗಳಲ್ಲಿ, ಸಂಜೆಯ ಆಕಾಶವನ್ನು ಮಡಚಿ ಇಟ್ಟಂತೆ ಗಾಢ ನೀಲಿ. ಯಾರೂ ಕುಂಚ ಹಿಡಿದು ಬರೆದದ್ದಲ್ಲ, ಗಾಳಿ ತಾನೇ ಬರೆದದ್ದು.

"ಇದು ನಮ್ಮ ಶೆಡ್ಡು ಕಣಕ್ಕ. ಅದೇ ಮೂಲೆ," ಎಂದ. ಅವನ ದನಿ ಸಣ್ಣಗಾಗಿತ್ತು.

ಆಮೇಲೆ ಪೆಟ್ಟಿಗೆಯ ಎರಡು ಬದಿಗೂ ನಾಲ್ಕು ನಾಲ್ಕು ಕಿಟಕಿ ಕತ್ತರಿಸಿ, ಹೊಸ ಹಾಳೆ ಹಾಕಿ, ಅಷ್ಟೇ ಹೊತ್ತು ಅಷ್ಟೇ ನೀಲಿ ಬಿಟ್ಟ. ಈ ಸಲ ಹಾಳೆಯ ಮೇಲೆ ಹುಡುಕಿದರೆ ಸಿಗುವಷ್ಟು ಬಣ್ಣ. ಮಿಕ್ಕದ್ದು ಪೆಟ್ಟಿಗೆಯ ಹೊರಗೆ ಮೇಜಿನ ಮೇಲೆ ಚೆಲ್ಲಿಹೋಗಿತ್ತು.

ಸಂಜೆ ಅಣ್ಣ ತಂಗಿಗೆ ಜಗಳವಾಯಿತು.

"ಸೋಮವಾರ ನೀನು ಹೋಗಕೂಡದು."

"ಎಲ್ಲರೂ ಹೋಗ್ತಾರೆ, ನಾನೊಬ್ಬಳು ಮನೇಲಿ ಕೂತು ಗೋಡೆ ನೋಡ್ಲಾ? ಆಸ್ಪತ್ರೇಲಿ ಜನ ಮಾಸ್ಕಿಲ್ದೆ ಬಟ್ಟೆ ಸುತ್ಕೊಂಡು ಕೆಲಸ ಮಾಡ್ತಿದ್ದಾರೆ. ದಿನಕ್ಕೆ ಇನ್ನೂರು ಹೊಲೀತೀನಿ ನಾನು."

"ಎದೆ ನಿಂದು ಕಣೇ, ನನ್ನದಲ್ಲ. ಸುಮ್ನೆ ಒಂದು ಕಡೆ ಕೂತ್ಕೋ."

"ಐದು ವರ್ಷದವಳಿದ್ದಾಗಿಂದ ಮೂಲೇಲೇ ಕೂರಿಸ್ತಾ ಬಂದಿದ್ದೀಯ. ಇನ್ನೂ ಎಷ್ಟು ವರ್ಷ ಕೂರ್ಲಣ್ಣ?"

ಅವಳು ನೋಯಿಸಬೇಕೆಂದು ಅಂದದ್ದಲ್ಲ. ಅವಳಿಗೆ ದಿಂಬಿನ ಕಥೆ ಗೊತ್ತೇ ಇಲ್ಲ. ಆದರೂ ಬಣ್ಣದಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಸಂದಿಯಲ್ಲಿ ನಿಂತ. ಅಲ್ಲಿಂದಲೇ ಬ್ಲೀಚಮ್ಮನಿಗೆ ಫೋನು ಮಾಡಿದ. ಅವರ ದನಿ ಫೋನಿನಾಚೆಗೂ ಕೇಳುವಂಥದ್ದು.

"ಕಿಟಕಿ ತೆಗೀಬೇಕಾ? ಬಿಳಿ ಬಟ್ಟೆ ಏನಾಗತ್ತೆ ಗೊತ್ತೇನ್ರೀ? ಹೊರಗಿನ ಧೂಳು ಒಳಗೆ ಕರ್ದು ಕೂರಿಸ್ಲಾ? ರೋಗ ಬಂದಿದ್ದು ಎಲಾಸ್ಟಿಕ್ಕಿಂದ. ನಾನೇ ಕೈಯಲ್ಲಿ ಮುಟ್ಟಿದ್ದೆ, ನನಗೂ ಬಂತು. ದೂರ ಕೂರಿಸಿ ಅಂತ ಎಲ್ಲ ಕಡೆ ಹೇಳ್ತಿದ್ದಾರೆ, ನಿಮ್ಮ ತಂಗೀನ ಎಲ್ಲರಿಗಿಂತ ದೂರ ಕೂರಿಸಿದ್ದೀನಿ. ಬೀರುಗೆ ಬಣ್ಣ ಹೊಡಿಯೋರು ಯಾವಾಗಿಂದ ಡಾಕ್ಟರಾದ್ರಿ?"

"ಡಾಕ್ಟರಲ್ಲಮ್ಮ. ಮೂಲೆ ಬಗ್ಗೆ ಸ್ವಲ್ಪ ಗೊತ್ತು," ಎಂದ ಬಣ್ಣದಣ್ಣ. ಅವರು ಆಗಲೇ ಇಟ್ಟುಬಿಟ್ಟಿದ್ದರು.

ಶೆಡ್ಡಿನಲ್ಲಿ ಒಂದು ಬೀರು ಬಿದ್ದಿತ್ತು. ಸಾಗಿಸುವಾಗ ಮಗ್ಗುಲು ನೆಗ್ಗಿದೆಯೆಂದು ಗಿರಾಕಿ ಬಿಟ್ಟುಹೋದದ್ದು. ಅದನ್ನು ಉಜ್ಜಿ ಬಿಳಿ ಹೊಡೆದ. ಸೋಮವಾರಕ್ಕೆ ಆರು ದಿನ ಉಳಿದಿತ್ತು. ಆ ಬೀರುವಿನ ಮೇಲೆ ಏನು ಮಾಡುತ್ತಾನೆಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆದರೆ ಪ್ರಶ್ನೆಗಳು ಶುರುವಾದವು. ನಾನು ಸೊಪ್ಪು ತೊಳೆಯುತ್ತಿದ್ದರೆ ಕಿಟಕಿಯಲ್ಲಿ ಮುಖ.

"ಅಕ್ಕಾ, ಎರಡನೇ ಸಾಲಿನ ಮೊದಲನೆಯಾಕೆ ಬೈತಲೆ ನಡುವೆ ತೆಗೀತಾಳೋ ಪಕ್ಕಕ್ಕೋ?"

"ನಡುವೆ. ಯಾಕಪ್ಪಾ, ಸಂಬಂಧ ನೋಡ್ತಿದ್ದೀಯಾ?"

"ತುರುಬೋ ಜಡೆಯೋ?"

"ತುರುಬು. ಪೆನ್ಸಿಲ್ ಸಿಕ್ಕಿಸ್ಕೊಂಡಿರ್ತಾಳೆ."

ಹೀಗೆ ಒಬ್ಬೊಬ್ಬರದೇ ತಲೆ. ಯಾರಿಗೆ ನಡುನೆತ್ತಿಯಲ್ಲಿ ಬಿಳಿ ಕೂದಲು, ಯಾರು ತಲೆವಸ್ತ್ರ ಕಟ್ಟುತ್ತಾರೆ, ಯಾರ ಜಡೆ ಎಡಭುಜದ ಮೇಲೆ ಬೀಳುತ್ತದೆ. ಹನ್ನೊಂದು ವರ್ಷ ಜೊತೆಗೆ ಕೂತಿದ್ದೇನೆ, ಆದರೂ ಕೆಲವರ ನೆತ್ತಿ ನನಗೆ ನೆನಪಾಗಲಿಲ್ಲ. ಕಣ್ಣು ಮುಚ್ಚಿ ಒಬ್ಬೊಬ್ಬರನ್ನೇ ಕರೆದು ನೋಡಿಕೊಳ್ಳಬೇಕಾಯಿತು. ಪ್ರಾರ್ಥನೆಯಲ್ಲಿ ಹೆಸರು ಹೇಳುವಾಗಲೂ ನಾನು ಅವರನ್ನು ಅಷ್ಟು ಸರಿಯಾಗಿ ನೋಡಿರಲಿಲ್ಲ.

"ಇಸ್ತ್ರಿ ಚಿಕ್ಕಮ್ಮನ ಜಾಗ ಖಾಲಿ ಬಿಡ್ತೀಯಾ?" ಎಂದು ಕೇಳಿದೆ.

"ಇಲ್ಲ. ಅವತ್ತು ಅವರೂ ಉಸಿರಾಡ್ತಾ ಇದ್ರಲ್ಲ," ಎಂದ.

ಗುರುವಾರ ಆರೋಗ್ಯ ಕೇಂದ್ರದ ನರ್ಸಮ್ಮ ತಂಗಿಯ ಎದೆ ನೋಡಲು ಬಂದರು. ಅವರ ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು, ಚೀಲದಲ್ಲಿ ಸುರುಳಿ ಸುತ್ತಿದ ಪೋಸ್ಟರುಗಳು. "ಹೇಳಿ ಹೇಳಿ ನಾಲಿಗೆ ಸವೀತು. ಗೋಡೆಗೆ ಅಂಟಿಸ್ತೀನಿ, ಜನ ಅದಕ್ಕೇ ಒರಗಿ ನಿಂತು ಹರಟೆ ಹೊಡೀತಾರೆ," ಎನ್ನುತ್ತ ಶೆಡ್ಡು ದಾಟಿ ಒಳಗೆ ಹೋಗುವವರು ಬೀರುವಿನ ಮುಂದೆ ನಿಂತುಬಿಟ್ಟರು. ನಾನೂ ಅಂದೇ ಮೊದಲು ನೋಡಿದ್ದು.

ಮುಚ್ಚಿದ ಎರಡು ಬಾಗಿಲ ಮೇಲೆ ನಮ್ಮ ಹಾಲು. ಯಾರೋ ಮೇಲಿನಿಂದ ಛಾವಣಿಯನ್ನು ಡಬ್ಬಿಯ ಮುಚ್ಚಳದಂತೆ ಎತ್ತಿ ಇಣುಕಿದ ಹಾಗೆ. ನಮ್ಮೆಲ್ಲರ ನೆತ್ತಿಗಳು, ಮಷೀನಿನ ಮೇಲೆ ಬಾಗಿದ ಬೆನ್ನುಗಳು, ಇಸ್ತ್ರಿಯ ಮೇಜು, ಬಟ್ಟೆಯ ಕಟ್ಟುಗಳು. ಬಾಗಿಲ ಬಳಿ ಒಬ್ಬಳ ಬಾಯಿಂದ ನೀಲಿ ಹೊರಟಿತ್ತು. ಕುಂಚದ ಗೆರೆಯಲ್ಲ, ಗನ್ನಿನ ಮಂಜು. ಅದು ನನ್ನ ಕೆನ್ನೆಯ ಪಕ್ಕದಲ್ಲೇ ಹಾದು, ಮಧ್ಯದ ಸಾಲುಗಳ ಮೇಲೆ ಹಗುರಾಗಿ ಹರಡಿ, ಕೊನೆಯ ಗೋಡೆಗೆ ತಾಗಿ, ಹೊರಹೋಗಲು ದಾರಿ ಕಾಣದೆ ಸುರುಳಿ ಸುರುಳಿಯಾಗಿ ಸುತ್ತಿ, ಆರು ತಲೆಗಳನ್ನು ಮುಳುಗಿಸಿತ್ತು. ಪದರದ ಮೇಲೆ ಪದರ. ಇಡೀ ದಿನದ ಉಸಿರು ಒಂದೇ ನೋಟಕ್ಕೆ ಕಾಣುತ್ತಿತ್ತು.

ಬಣ್ಣದಣ್ಣ ಬಾಗಿಲು ತೆಗೆದ. ಒಳಗೆ ಅರೆಗಳಿರಲಿಲ್ಲ. ಬೀರುವಿನ ಹಿಂಗೋಡೆಯ ಮೇಲೆ ಅದೇ ಹಾಲು, ಅದೇ ಜನ, ಎಂಟು ಕಿಟಕಿಯೂ ತೆರೆದಿದ್ದವು. ನೀಲಿ ಎಳೆ ಎಳೆಯಾಗಿ ಬಿಡಿಸಿಕೊಂಡು ಕಿಟಕಿಗಳಿಂದ ಹೊರಟು, ಬೀರುವಿನ ಒಳಮಗ್ಗುಲಿಗೆ ಹರಿದು, ಅಲ್ಲಿ ಬರೆದ ಮನೆಗಳ ಮಾಡುಗಳ ಮೇಲೆ ತೇಲಿ, ಮೇಲಕ್ಕೆ ಮೇಲಕ್ಕೆ ಹೋದಂತೆ ಬಿಳಿಯಲ್ಲಿ ಕರಗಿಹೋಗಿತ್ತು.

ನರ್ಸಮ್ಮ ಚೀಲವನ್ನು ನೆಲಕ್ಕಿಟ್ಟರು. ಬಾಗಿಲು ಮುಚ್ಚಿ ನೋಡಿದರು, ತೆಗೆದು ನೋಡಿದರು, ಮತ್ತೆ ಮುಚ್ಚಿದರು.

"ಇದನ್ನ ನಿಮಗೆ ಯಾರು ಹೇಳ್ಕೊಟ್ರು?"

"ಬಣ್ಣ," ಎಂದ ಅವನು.

"ನಿಮ್ಮ ಬಣ್ಣದ ಹನಿಗಿಂತ ಉಸಿರಿನ ಹನಿ ಸಣ್ಣದು. ಇನ್ನೂ ಹೆಚ್ಚು ಹೊತ್ತು ತೇಲ್ತಾ ಇರತ್ತೆ."

"ಹಾಗಾದ್ರೆ ನಾನು ಕಡಿಮೆನೇ ಬರ್ದಿದ್ದೀನಿ."

ಅವರು ಬಗ್ಗಿ ಮಧ್ಯದ ಸಾಲಿನಲ್ಲಿ ಬೆರಳಿಟ್ಟರು. "ಇವರಿಬ್ಬರಿಗೂ ಜ್ವರ ಬಂತಲ್ಲ. ಇಲ್ಲಿ ನೀಲಿ ತೆಳ್ಳಗಿದೆ."

"ಅವರದ್ದು ನನಗೆ ಗೊತ್ತಾಗ್ಲಿಲ್ಲ. ಬೇರೆಲ್ಲಾದ್ರೂ ತಗುಲಿತೋ ಏನೋ. ಗೊತ್ತಿಲ್ಲದ್ದಕ್ಕೆ ನಾನು ಬಣ್ಣ ಹೊಡಿಯಲ್ಲ."

ನರ್ಸಮ್ಮ ಅವನ ಮುಖ ನೋಡಿದರು. ಆಮೇಲೆ, "ಶನಿವಾರ ನಿಮ್ಮ ಹಾಲಿನವರನ್ನೆಲ್ಲ ಗೋದಾಮಿನ ಅಂಗಳಕ್ಕೆ ಕರೆಸಿದ್ದೀನಿ, ಹಾಲು ತೆಗೆಯೋ ಮುಂಚೆ ಎಲ್ಲರನ್ನೂ ಪರೀಕ್ಷೆ ಮಾಡೋಕೆ. ಇದನ್ನ ತರ್ತೀರಾ?" ಎಂದರು.

ತಳ್ಳುಗಾಡಿಯ ಮೇಲೆ ಬೀರುವನ್ನು ಮಲಗಿಸಿ, ಹಳೆಯ ಕಂಬಳಿ ಹೊದಿಸಿ, ಬಣ್ಣದಣ್ಣ ಎಳೆದ, ತಂಗಿ ಹಿಂದಿನಿಂದ ತಳ್ಳಿದಳು. ದಾರಿಯಲ್ಲಿ ಯಾರೋ, "ಯಾರ ಮನೆಗೆ ಬೀರು, ಮದುವೆಯಾ?" ಎಂದರು. "ಹೌದು, ಗಾಳಿ ಮದುವೆ," ಎಂದಳು ತಂಗಿ. ಅವಳಿಗೆ ಆಗಲೇ ಏದುಸಿರು ಬಂದಿತ್ತು. ಅವನು ಗಾಡಿ ನಿಲ್ಲಿಸಿ, ನೀರು ಕುಡಿಯುವ ನೆಪದಲ್ಲಿ ಅವಳು ಸುಧಾರಿಸಿಕೊಳ್ಳುವವರೆಗೂ ಕಾದ.

ಅಂಗಳದಲ್ಲಿ ಸುಣ್ಣದ ವೃತ್ತಗಳು, ಒಂದೊಂದರಲ್ಲಿ ಒಬ್ಬೊಬ್ಬರು. ಗುಂಡಿಯಕ್ಕನ ಎರಡೂ ಪಕ್ಕದ ವೃತ್ತಗಳು ಖಾಲಿ. ಅವಳು ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು. ಬ್ಲೀಚಮ್ಮ ಸ್ಪ್ರೇ ಬಾಟಲಿ ಹಿಡಿದು ನಿಂತಿದ್ದರು. ಬೀರು ಕಂಡು ಹುಬ್ಬೇರಿಸಿದರು.

"ಇದೇನ್ರೀ, ಹಂಸ ತೋರಿಸೋಕೆ ಬಂದ್ರಾ?"

ಬಣ್ಣದಣ್ಣ ಕಂಬಳಿ ಎಳೆದ.

ಮೊದಲು ನಗು ಬಂತು. "ಅಯ್ಯೋ, ನನ್ನ ಜಡೆ ನೋಡ್ರೇ!" "ಪೆನ್ಸಿಲ್ಲೂ ಬರ್ದಿದ್ದಾನೆ!" "ನನ್ನ ನೆತ್ತಿ ಇಷ್ಟು ಬೋಳಾಗಿದ್ಯಾ? ಮನೇಲಿ ಯಾರೂ ಹೇಳಲೇ ಇಲ್ಲ." ಒಬ್ಬೊಬ್ಬರೂ ತಮ್ಮನ್ನು ತಾವು ಹುಡುಕಿಕೊಂಡರು. ಹುಡುಕಿಕೊಂಡ ಮೇಲೆ ಕಣ್ಣು ನೀಲಿಯ ಕಡೆಗೆ ಜರುಗಿತು. ಮಾತು ಒಂದೊಂದಾಗಿ ನಿಂತಿತು. ನರ್ಸಮ್ಮ ಏನೂ ವಿವರಿಸಬೇಕಾಗಲಿಲ್ಲ. ಕೊನೆಯ ಸಾಲಿನವರಲ್ಲಿ ಒಬ್ಬಳು ಕೈಯನ್ನು ಮೆಲ್ಲನೆ ತನ್ನ ಬಾಯಿಯ ಮುಂದೆ ಹಿಡಿದು, ಉಸಿರು ಬಿಟ್ಟು, ಅಂಗೈ ನೋಡಿಕೊಂಡಳು. ಇಸ್ತ್ರಿ ಚಿಕ್ಕಮ್ಮನ ಬಿಳಿ ತಲೆಯನ್ನು ಕಂಡು ಯಾರೋ ಬಿಕ್ಕಿದರು. ಬೇರೆ ಸದ್ದಿರಲಿಲ್ಲ. ದೇವರ ಮುಂದೆ ನಿಂತಾಗ ಆಗುವಂಥ ನಿಶ್ಶಬ್ದ ಅದು. ಎರಡು ತಿಂಗಳಿಂದ ನಾವು ಹೆದರಿದ್ದು ಕಾಣದ ವಸ್ತುವಿಗೆ. ಈಗ ಅದು ಕಣ್ಣೆದುರಿಗಿತ್ತು, ನಮ್ಮೆಲ್ಲರ ಬಾಯಿಂದ ಬಂದು ನಮ್ಮೆಲ್ಲರೊಳಗೆ ಹೋಗುವ ಉಸಿರಾಗಿ, ಸುಂದರವಾಗಿಯೂ ಇತ್ತು.

ಗುಂಡಿಯಕ್ಕ ಮುಂದೆ ಬಂದಳು. ಬಾಗಿಲ ಬಳಿಯ ತನ್ನನ್ನು ನೋಡಿದಳು.

"ಇದು ನಾನಾ?"

"ಹೌದಮ್ಮ."

"ನಾನು ಎಲಾಸ್ಟಿಕ್ ಕೊಟ್ಟಿದ್ದು... ಇವರಿಗೆ, ಇವರಿಗೆ, ಇವರಿಗೂ," ಎಂದು ಬೆರಳು ನನ್ನ ತಲೆಯ ಮೇಲೆ, ಪಕ್ಕದವರ ತಲೆಯ ಮೇಲೆ ಇಟ್ಟಳು. "ಇವರಿಗೇನೂ ಆಗ್ಲಿಲ್ಲ."

"ನಿಮ್ಮ ಕೈದಲ್ಲ ತಪ್ಪು. ತಪ್ಪೇ ಅಲ್ಲ ಅದು. ನೀವು ಉಸಿರಾಡಿದ್ರಿ, ಫ್ಯಾನು ತಿರುಗ್ತು," ಎಂದ ಬಣ್ಣದಣ್ಣ.

ಅವಳು ಕಣ್ಣೊರೆಸಿಕೊಂಡು ತನ್ನ ವೃತ್ತಕ್ಕೆ ಮರಳಿದಾಗ ನಾನು ನನ್ನ ಜಾಗ ಬಿಟ್ಟು ಅವಳ ಪಕ್ಕದ ವೃತ್ತಕ್ಕೆ ಹೋದೆ. ಆ ಕಡೆಯ ವೃತ್ತಕ್ಕೆ ಇನ್ನೊಬ್ಬಳು ಬಂದಳು.

ಬ್ಲೀಚಮ್ಮ ಮಾತ್ರ ಇನ್ನೂ ಬೀರುವಿನ ಮುಂದೆಯೇ ಇದ್ದರು. ಕಡುನೀಲಿಯ ನಡುವೆ ಒಂದು ಮೇಜು, ಮೇಜಿನ ಮೇಲೆ ಒರೆಸುವ ಬಟ್ಟೆ ಹಿಡಿದ ಕೈ. ಪಕ್ಕದಲ್ಲಿ ಒಂದು ಖಾಲಿ ಕುರ್ಚಿ.

"ಈ ಕುರ್ಚಿ ಯಾರದು?"

"ನನ್ನ ತಂಗೀದು. ಸೋಮವಾರದಿಂದ."

ಬ್ಲೀಚಮ್ಮನ ಕೈಯ ಬಾಟಲಿ ಕೆಳಗಿಳಿಯಿತು. "ಅವಳಿಗೆ ಒಳ್ಳೇದಾಗ್ಲಿ ಅಂತ ಹಾಕ್ಸಿದ್ದು ಕಣಪ್ಪ ನಾನು," ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಗೊತ್ತಮ್ಮ. ನಾನೂ ಹಾಗೇ ಕೂರಿಸಿದ್ದೆ," ಎಂದ ಅವನು. ಹಿಂದೆ ನಿಂತಿದ್ದ ತಂಗಿ ತಲೆಯೆತ್ತಿ ಅಣ್ಣನನ್ನು ನೋಡಿದಳು. ಅವನು ಅವಳ ಕಡೆ ತಿರುಗಲಿಲ್ಲ.

"ಬಟ್ಟೆಗೆ ಧೂಳು ಕೂತ್ರೆ?" ಎಂದು ಬ್ಲೀಚಮ್ಮ ಯಾರನ್ನೋ ಕೇಳಿದರು. ಉತ್ತರವನ್ನೂ ತಾವೇ ಹೇಳಿಕೊಂಡರು. "ಕಟ್ಟುಗಳಿಗೆಲ್ಲ ಹಳೇ ಸಮವಸ್ತ್ರದ ಬಟ್ಟೇಲಿ ಹೊದಿಕೆ ಹೊಲಿದು ಹಾಕಿದ್ರಾಯ್ತು. ನಡೀರಿ, ಕಿಟಕಿ ತೆಗೀರಿ."

ನಾಲ್ಕೈದು ಜನ ಮೇಲೆ ಹೋದೆವು. ಚಿಲಕ ತಿರುಗಿತು, ಕಿಟಕಿ ಅಲ್ಲಾಡಲಿಲ್ಲ. ಗುದ್ದಿದೆವು, ಭುಜ ಕೊಟ್ಟೆವು. ಎಂಟರಲ್ಲಿ ಒಂದೂ ಜಗ್ಗಲಿಲ್ಲ. ಚೌಕಟ್ಟಿಗೂ ಬಾಗಿಲಿಗೂ ಸೇರಿಸಿ ದಪ್ಪಗೆ ತಿಳಿಹಸಿರು ಎಣ್ಣೆಬಣ್ಣ ಬಳಿದು, ಅದು ಒಣಗಿ ಅಂಟಿನಂತೆ ಹಿಡಿದುಕೊಂಡಿತ್ತು.

"ಏಳು ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಮುಚ್ಚಿಟ್ಟೇ ಬಣ್ಣ ಹೊಡೆದು ಹೋಗಿದ್ದಾನೆ! ಸ್ವಲ್ಪ ತೆರೆದಿಟ್ಟು ಹೊಡಿಯೋ ಬುದ್ಧಿ ಬೇಡ್ವಾ? ಎಲ್ಲಿ ಸಿಗ್ತಾನೆ ಅವನು?" ಎಂದು ಬ್ಲೀಚಮ್ಮ ಮತ್ತೆ ತಮ್ಮ ದನಿಗೆ ಬಂದರು.

ಬಣ್ಣದಣ್ಣ ಕಿಟಕಿಯ ಹತ್ತಿರ ಹೋದ. ಚೌಕಟ್ಟಿನ ಮೇಲೆ ಬೆರಳಾಡಿಸಿದ. ಕೆಳಗೆ ಬಣ್ಣ ಇಳಿದು ಹೆಪ್ಪುಗಟ್ಟಿದ ಒಂದು ಹನಿಯ ಬಳಿ ಬೆರಳು ನಿಂತಿತು. ಅವನ ಕಿವಿ ಕೆಂಪಾಯಿತು.

"ಇಲ್ಲೇ ಇದ್ದೀನಮ್ಮ," ಎಂದ. "ಮಳೆಗಾಲ. ನಿಮಗೆಲ್ಲ ರಜೆ ಇದ್ದ ದಿನ ಬಂದಿದ್ದೆ, ತೆರೆದಿಟ್ರೆ ನೀರು ಹೊಡೀತಿತ್ತು. ಬೇರೆ ಕೆಲಸ ಒಪ್ಕೊಂಡಿದ್ದೆ, ಆತುರ. ಒಣಗಿದ ಮೇಲೆ ಬಂದು ಬಿಡಿಸಿಕೊಡ್ತೀನಿ ಅಂದ್ಕೊಂಡು ಮರ್ತುಬಿಟ್ಟೆ."

ಗುಂಡಿಯಕ್ಕ ಕಿಸಕ್ಕೆಂದಳು. ಅವಳಿಂದ ನನಗೆ, ನನ್ನಿಂದ ತಂಗಿಗೆ, ತಂಗಿಯಿಂದ ಬ್ಲೀಚಮ್ಮನಿಗೆ. ನಗುವೂ ಹರಡುವ ರೋಗವೇ ಎಂದು ಗೊತ್ತಾಯಿತು. ಇಸ್ತ್ರಿ ಚಿಕ್ಕಮ್ಮ ಹೋದ ಮೇಲೆ ಆ ಹಾಲು ನಗು ಕೇಳಿದ್ದು ಅಂದೇ ಮೊದಲು.

ಭಾನುವಾರ ಬೆಳಗ್ಗೆಯಿಂದ ಸಂಜೆಯವರೆಗೆ ಅವನು ಒಬ್ಬನೇ ಕೂತು ಎಂಟು ಕಿಟಕಿಗಳ ಸಂದಿಗಳನ್ನು ಬ್ಲೇಡಿನಿಂದ ಕೊರೆದ. ಒಂದೊಂದು ಬಿಚ್ಚಿಕೊಂಡಾಗಲೂ ಗೋದಾಮಿನ ಕೆಳಗಿನವರೆಗೂ ಕೇಳುವಂತೆ ಕಿರ್ರೆನ್ನುತ್ತಿತ್ತು. ಬ್ಲೀಚಮ್ಮ ಬಂದು ಹ್ಯಾಂಡಲುಗಳನ್ನೆಲ್ಲ ಒರೆಸಿ, ಅವನಿಗೆ ಚಹಾ ಕೊಟ್ಟು, ಮೂಲೆಯಲ್ಲಿದ್ದ ತಂಗಿಯ ಮಷೀನನ್ನು ತಾವೇ ಎಳೆದು ಕಿಟಕಿಯ ಪಕ್ಕಕ್ಕೆ ಹಾಕಿಸಿದರು.

ಬೀರುವನ್ನು ನರ್ಸಮ್ಮ ಒಯ್ದರು. ಬಸ್ ಡಿಪೋಗೆ, ಶಾಲೆಗೆ, ಒಂದು ಛಾಪಖಾನೆಗೆ ಅದು ತಳ್ಳುಗಾಡಿಯ ಮೇಲೆ ಹೋಯಿತು. ಹೋದಲ್ಲೆಲ್ಲ ಜನ ಬಾಗಿಲು ಮುಚ್ಚಿ ತೆಗೆದು ನೋಡಿ, ಕೀಲು ಸಡಿಲವಾಯಿತು. ಆ ವರ್ಷ ಮುಗಿಯುವುದರೊಳಗೆ ನಮ್ಮ ಹಾಲಿನಲ್ಲಿ ಇನ್ನೂ ಮೂವರಿಗೆ ಜ್ವರ ಬಂತು. ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಸಾಲಿನಲ್ಲಿ. ಒಬ್ಬರಿಂದ ಇನ್ನೊಬ್ಬರಿಗೆ ದಾಟಲಿಲ್ಲ. ತಂಗಿಗೆ ಬರಲಿಲ್ಲ.

ಆದರೆ ನನಗೆ ಕಣ್ಣಿಗೆ ಕಟ್ಟಿದಂತೆ ಉಳಿದಿರುವುದು ಆ ಸೋಮವಾರ. ಹತ್ತು ಗಂಟೆಯ ಹೊತ್ತಿಗೆ ಬಣ್ಣದಣ್ಣ ಬಂದ. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ತಂಗಿಯ ಕಿಟಕಿಯ ಬಳಿ ಹೋಗಿ ಒಳಮುಖವಾಗಿ ನಿಂತ. ಬಿಸಿಲು ಓರೆಯಾಗಿ ಬಿದ್ದಿತ್ತು. ಮೂವತ್ತೆರಡು ಮಷೀನುಗಳಿಂದ ಏಳುತ್ತಿದ್ದ ನೂಲಿನ ಸಣ್ಣ ಸಣ್ಣ ಎಳೆಗಳು ಆ ಬಿಸಿಲಿನಲ್ಲಿ ಹೊಳೆಯುತ್ತ, ನಮ್ಮ ತಲೆಗಳ ಮೇಲಿಂದ ಹಾದು, ಒಂದರ ಹಿಂದೊಂದು ಕಿಟಕಿಗಳ ಕಡೆ ಸಾಗುತ್ತಿದ್ದವು. ಸಾಗಿ ಹೊರಗೆ ಹೋಗುತ್ತಿದ್ದವು. ಅವನ ಕಣ್ಣುಗಳು ಅವುಗಳ ಜೊತೆ ಜೊತೆಗೆ ಹೋಗಿ ಬರುತ್ತಿದ್ದವು. ತಾನು ಬರೆದದ್ದನ್ನು ಬೇರೆ ಯಾರೋ, ತನಗಿಂತ ಎಷ್ಟೋ ದೊಡ್ಡ ಕೈಯವರು, ಬಣ್ಣವಿಲ್ಲದೆ ಬರೆಯುವುದನ್ನು ನೋಡುವ ಮುಖ ಅದು. ಅವನ ಎರಡೂ ಅಂಗೈಗಳು ತಮಗೇ ತಿಳಿಯದಂತೆ ಎದೆಯ ಬಳಿ ಸೇರಿದ್ದವು.

ತಂಗಿ ಮಷೀನು ನಿಲ್ಲಿಸಿದಳು. ಬೆನ್ನು ನೇರ ಮಾಡಿ, ಒಂದು ಸಲ ಉದ್ದಕ್ಕೆ ಉಸಿರೆಳೆದುಕೊಂಡಳು. ನಾನು ಸಿಳ್ಳೆಗಾಗಿ ಕಿವಿಗೊಟ್ಟೆ. ಅದು ಕೇಳಲಿಲ್ಲ.

"ಅಣ್ಣಾ," ಎಂದಳು ಅವಳು, "ಸ್ವಲ್ಪ ಆಚೆ ಸರ್ಕೋತೀಯಾ? ಗಾಳಿಗೆ ಅಡ್ಡ ನಿಂತಿದ್ದೀಯ."